ಕೆಟಲ್ ಹಚ್ಚಿದರೆ ಇನ್ವರ್ಟರ್ ಕೂಗಿ ಆರುತ್ತದೆ, ಬ್ಯಾಟರಿ ತುಂಬಿದ್ದರೂ!

ಗಾಲಿಮನೆ: ಮೂರು ವಾರಾಂತ್ಯ ವ್ಯಾನಿನೊಳಗೆ ಬೆನ್ನು ಬಗ್ಗಿಸಿ ದುಡಿದಿದ್ದೇನೆ. ಚಾವಣಿಯ ಮೇಲೆ 200 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್, ಪ್ಯಾನೆಲ್‌ಗಳಿಂದ ಆದಷ್ಟು ಹೆಚ್ಚು ಶಕ್ತಿ ಸೆಳೆದು ಬ್ಯಾಟರಿ ತುಂಬಿಸುವ ಎಂಪಿಪಿಟಿ ಕಂಟ್ರೋಲರ್, 2000 ವ್ಯಾಟ್ ಇನ್ವರ್ಟರ್. ದೀಪ, ಫ್ಯಾನ್, ಲ್ಯಾಪ್‌ಟಾಪ್‌ಗೆ ತೊಂದರೆಯಿಲ್ಲ. 1200 ವ್ಯಾಟ್ ಕೆಟಲ್ ಹಚ್ಚಿದರೆ ಮಾತ್ರ ಹತ್ತು ಸೆಕೆಂಡಿನಲ್ಲಿ ಇನ್ವರ್ಟರ್ ಕುಯ್ಯೆಂದು ಕೂಗಿ ಆರುತ್ತದೆ. ಬ್ಯಾಟರಿ 12.7 ವೋಲ್ಟ್ ತೋರಿಸುತ್ತದೆ, ಅಂದರೆ ತುಂಬಿದೆ. ಇನ್ವರ್ಟರೇ ಕೆಟ್ಟಿರಬೇಕು. ವಾಪಸು ಕಳಿಸಲೇ?

ಬಿಸಿಲುಕುದುರೆ: ನೆರಳು. ಚಾವಣಿಯ ಗಾಳಿಕಿಂಡಿಯ ನೆರಳು ಒಂದು ಮೂಲೆಗೆ ಬಿದ್ದರೂ ಪ್ಯಾನೆಲ್ ಕೊಡುವ ಕರೆಂಟ್ ಕುಸಿಯುತ್ತದೆ. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೀರೋ, ಸಮಾಂತರವಾಗಿಯೋ?

ಗಾಲಿಮನೆ: ರಾತ್ರಿಯೂ ಹೀಗೇ ಆಗುತ್ತದೆ ಸ್ವಾಮಿ. ರಾತ್ರಿ ಎಲ್ಲಿಯ ನೆರಳು?

ಬಿಸಿಲುಕುದುರೆ: ಹಗಲು ಸರಿಯಾಗಿ ಚಾರ್ಜ್ ಆಗದಿದ್ದರೆ ರಾತ್ರಿ ಹೀಗೇ ಆಗುವುದು. ಸರಣಿಯೋ, ಸಮಾಂತರವೋ ಹೇಳಿ.

ಹಳೇಬ್ಯಾಟರಿ: ಇನ್ವರ್ಟರ್ ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವ್‌ನದೇ? ಅಲ್ಲದಿದ್ದರೆ ಅಲ್ಲಿಯೇ ತಪ್ಪಿದೆ.

ತಾಮ್ರತಂತಿ: ಕೆಟಲ್ ಎಂದರೆ ಬಿಸಿಯಾಗುವ ಒಂದು ಕಾಯಿಲ್. ಅದಕ್ಕೆ ಸೈನ್ ವೇವ್ ಆದರೇನು, ಚೌಕ ಅಲೆಯಾದರೇನು? ಗಾಲಿಮನೆಯವರೇ, ಬ್ಯಾಟರಿ ಯಾವ ಬಗೆಯದು? ಇನ್ವರ್ಟರ್‌ಗೆ ಹೋಗುವ ಕೇಬಲ್ ಎಷ್ಟು ದಪ್ಪ, ಎಷ್ಟು ಉದ್ದ? ಮುಖ್ಯವಾದುದನ್ನೇ ಬರೆದಿಲ್ಲ.

ಹಳೇಬ್ಯಾಟರಿ: ಮೋಟರ್ ಇರುವ ಉಪಕರಣಕ್ಕೆ ವ್ಯತ್ಯಾಸ ಆಗುತ್ತದೆ ಎಂದಷ್ಟೇ ನಾನು ಹೇಳಿದ್ದು.

ತಾಮ್ರತಂತಿ: ಕೆಟಲ್‌ನಲ್ಲಿ ಮೋಟರ್ ಇಲ್ಲ.

ಗಾಲಿಮನೆ: ಅದೆಲ್ಲ ಮುಖ್ಯವೆಂದು ತಿಳಿದಿರಲಿಲ್ಲ. 200 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ, ಹಿಂದೆ ಮಂಚದ ಕೆಳಗಿದೆ. ಇನ್ವರ್ಟರ್ ಚಾಲಕನ ಸೀಟಿನ ಹಿಂದೆ. ನಡುವೆ 4 ಮೀಟರ್. ಕೇಬಲ್ 16 ಚದರ ಮಿಲಿಮೀಟರ್, ಕೈಗೆ ಸಾಕಷ್ಟು ದಪ್ಪವಾಗಿಯೇ ಇದೆ. 200 ಆಂಪಿಯರ್ ಫ್ಯೂಸ್ ಹಾಕಿದ್ದೇನೆ.

ಬೆಟ್ಟದಬಂಡಿ: ಲೆಡ್ ಆಸಿಡ್ ಕಾಲ ಮುಗಿಯಿತು ಮಾರಾಯರೇ. ನನ್ನದು 24 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದೇ ಕೆಟಲ್‌ಗೆ ಅರ್ಧ ಕರೆಂಟ್ ಸಾಕು. ತಂತಿಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಗಳನ್ನು, ಅಂದರೆ ಬಸ್‌ಬಾರ್‌ಗಳನ್ನು, ನಾನೇ ಕೊರೆದು, ಉಜ್ಜಿ, ಪಾರದರ್ಶಕ ಮುಚ್ಚಳ ಹಾಕಿದ್ದೇನೆ. ಚಿತ್ರಗಳನ್ನು ನಾಳೆ ಹಾಕುತ್ತೇನೆ.

ತಾಮ್ರತಂತಿ: ಚಿತ್ರ ನಿಧಾನವಾಗಿ ಬರಲಿ. ಗಾಲಿಮನೆಯವರೇ, 1200 ವ್ಯಾಟ್ ಎಂದರೆ, ಇನ್ವರ್ಟರ್‌ನ ನಷ್ಟವೂ ಸೇರಿ 12 ವೋಲ್ಟ್ ಕಡೆಯಲ್ಲಿ ಸುಮಾರು 110 ಆಂಪಿಯರ್. ಹೋಗಿ ಬರುವ ದಾರಿ ಒಟ್ಟು 8 ಮೀಟರ್. ಆ ಕೇಬಲ್ಲೊಂದೇ ಹತ್ತಿರ ಹತ್ತಿರ 1 ವೋಲ್ಟ್ ನುಂಗುತ್ತದೆ. ನೀವು ನೋಡಿದ 12.7 ಏನೂ ಹಚ್ಚದಿದ್ದಾಗಿನದು, ಅದಕ್ಕೆ ಬೆಲೆಯಿಲ್ಲ. ಕೆಟಲ್ ಹಚ್ಚಿಸಿ, ಆರುವ ಮೊದಲು ಎರಡು ಕಡೆ ಅಳೆಯಿರಿ: ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಒಮ್ಮೆ, ಇನ್ವರ್ಟರ್‌ನ ಟರ್ಮಿನಲ್‌ಗಳಲ್ಲಿ ಇನ್ನೊಮ್ಮೆ. ಇನ್ನೊಂದು ಮಾತು: ಫ್ಯೂಸ್ ಇರುವುದು ತಂತಿಯನ್ನು ಕಾಯಲು. ಆ ತಂತಿಗೆ 200 ಆಂಪಿಯರ್ ಫ್ಯೂಸ್ ಹಾಕಿದರೆ ಮೊದಲು ಸುಡುವುದು ತಂತಿ.

ಗಾಲಿಮನೆ: ಅಳೆದೆ. ಬ್ಯಾಟರಿಯಲ್ಲಿ 11.9, ಇನ್ವರ್ಟರ್‌ನಲ್ಲಿ 10.3. ಫ್ಯೂಸ್ ಹೋಲ್ಡರ್ ಮುಟ್ಟಿ ಬೆರಳು ಸುಟ್ಟುಕೊಂಡೆ.

ತಾಮ್ರತಂತಿ: ಹಲವು ಇನ್ವರ್ಟರ್‌ಗಳು 10.5ಕ್ಕೇ ಕೈಯೆತ್ತುತ್ತವೆ. ನಿಮ್ಮದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ನಡುದಾರಿಯಲ್ಲಿ ಕಳೆದ 1.6 ವೋಲ್ಟ್‌ನಲ್ಲಿ ಕೇಬಲ್ ತಿಂದದ್ದು 1. ಉಳಿದ 0.6 ಆ ಹೋಲ್ಡರ್‌ನದಾದರೆ, 110 ಆಂಪಿಯರ್‌ಗೆ 66 ವ್ಯಾಟ್ ಶಾಖ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಒಂದನ್ನು ಮಂಚದ ಕೆಳಗೆ ಹಚ್ಚಿಟ್ಟಂತೆ. ಬ್ಯಾಟರಿಯ ತಂತಿ ಕಳಚಿ, ಅದನ್ನು ಬಿಚ್ಚಿ ನೋಡಿ.

ಗಾಲಿಮನೆ: ಬಿಚ್ಚಿದೆ. ಕೇಬಲ್ ತುದಿಯ ತಾಮ್ರದ ಲಗ್‌ಗೂ ಫ್ಯೂಸ್‌ಗೂ ನಡುವೆ ಸ್ಟೀಲ್ ವಾಷರ್ ಕೂರಿಸಿದ್ದೇನೆ! ವಾಷರ್ ನೀಲಿಗಟ್ಟಿದೆ, ಹೋಲ್ಡರ್‌ನ ಪ್ಲಾಸ್ಟಿಕ್ ಒಂದು ಮಗ್ಗುಲಿಗೆ ಮೇಣದಂತೆ ಇಳಿದಿದೆ. ಚೆನ್ನಾಗಿ ಬಿಗಿಯಾಗಲಿ ಎಂದು ನಾನೇ ಹಾಕಿದ್ದೆ.

ತಾಮ್ರತಂತಿ: ವಾಷರ್ ನಟ್‌ನ ಕೆಳಗೆ, ಉಳಿದೆಲ್ಲದರ ಮೇಲೆ ಬರಬೇಕು. ತಾಮ್ರ ನೇರವಾಗಿ ಫ್ಯೂಸ್‌ಗೆ ಅಂಟಿರಬೇಕು. ಹೋಲ್ಡರ್ ಎಸೆಯಿರಿ. ಇನ್ವರ್ಟರ್‌ ಅನ್ನು ಬ್ಯಾಟರಿಯಿಂದ 1 ಮೀಟರ್‌ನೊಳಗೆ ತನ್ನಿ, 50 ಚದರ ಮಿಲಿಮೀಟರ್ ಕೇಬಲ್ ಹಾಕಿ. ಇನ್ವರ್ಟರ್‌ನಿಂದ ಕೆಟಲ್ ಕಡೆಗೆ ಹೋಗುವ 230 ವೋಲ್ಟ್ ತಂತಿ ಎಷ್ಟು ಉದ್ದ ಹೋದರೂ ಚಿಂತೆಯಿಲ್ಲ. ಆದರೆ ಬ್ಯಾಟರಿಯ ಆವಿ ತಾಗುವ ಡಬ್ಬಿಯೊಳಗೆ ಇನ್ವರ್ಟರ್ ಇಡಬೇಡಿ.

ಗಾಲಿಮನೆ: ಮಂಚದ ಪಕ್ಕದ ಹಲಗೆಗೆ ಸ್ಥಳಾಂತರಿಸಿದೆ. ಈಗ ಕೆಟಲ್ ಕುದಿಯುವಾಗ ಇನ್ವರ್ಟರ್‌ನಲ್ಲಿ 11.8. ವಾಪಸು ಕಳಿಸುವ ಡಬ್ಬಿಯಲ್ಲಿ ಬೆಕ್ಕು ಮಲಗಿದೆ.

ಬೆಟ್ಟದಬಂಡಿ: ಬಸ್‌ಬಾರ್ ಚಿತ್ರಗಳು ಸಿದ್ಧ. ಒಟ್ಟು ಹದಿನಾಲ್ಕು.

ಬಿಸಿಲುಕುದುರೆ: ಅದೆಲ್ಲ ಇರಲಿ. ಪ್ಯಾನೆಲ್‌ಗಳು ಸರಣಿಯಲ್ಲಿವೆಯೋ, ಸಮಾಂತರವಾಗಿವೆಯೋ, ಇನ್ನೂ ಹೇಳಲೇ ಇಲ್ಲ.