ಯುವ ಸ್ವಯಂಸೇವಕರ ತಂಡ ಎರಡನೇ ವರ್ಷಕ್ಕೇ ಕರಗುತ್ತಿದೆ, ಏನು ಮಾಡಬಹುದು?

ಹೊಸಚಿಗುರು:
ನಾನು ಒಂದು ಸ್ಥಳೀಯ ಆಡಳಿತ ಸಂಸ್ಥೆಯಲ್ಲಿ ಯುವಜನರ ಕೆಲಸ ನೋಡಿಕೊಳ್ಳುತ್ತೇನೆ. 16ರಿಂದ 22 ವರ್ಷದವರು ಗ್ರಂಥಾಲಯದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಓದುತ್ತಾರೆ, ವಯಸ್ಸಾದವರಿಗೆ ಮೊಬೈಲ್ ಬಳಸಲು ಕಲಿಸುತ್ತಾರೆ. ಮೊದಲ ವರ್ಷ ಹುರುಪು ಜಾಸ್ತಿ ಇತ್ತು. ಪರೀಕ್ಷೆ ಬಂತು, ಅರ್ಧ ಜನ ಕಾಣೆಯಾದರು. ಉಳಿದವರಲ್ಲಿ ಹಲವರು ಓದಲು ಬೇರೆ ಊರಿಗೆ ಹೋದರು. ಪ್ರಮಾಣಪತ್ರ ಕೊಡುತ್ತೇವೆ, ಡಿಸೆಂಬರ್ 5ರ ಸ್ವಯಂಸೇವಕರ ದಿನಕ್ಕೆ ಸನ್ಮಾನವೂ ಇದೆ. ಆದರೂ ನಿಲ್ಲುತ್ತಿಲ್ಲ. ‘ಜನ ಉಳಿಯದ ಯೋಜನೆಗೆ ಮತ್ತೆ ಹಣ ಯಾಕೆ?’ ಎಂದು ಸದಸ್ಯರು ಕೇಳುತ್ತಿದ್ದಾರೆ. ಏನು ಹೇಳಲಿ?

ಹಳೇಸೇತುವೆ:
ನಾನೂ ಇದೇ ಕೆಲಸದಲ್ಲಿ ತುಂಬಾ ಕಾಲ ಇದ್ದವನು. ಮೊದಲು ಒಂದು ಮಾತು. ಹುಡುಗರು ಹೋಗುವುದು ಸೋಲಲ್ಲ. ಹದಿನೇಳು ವರ್ಷದ ಹುಡುಗಿ ಓದಿಗೋ ಕೆಲಸಕ್ಕೋ ಹೊರಟೇ ಹೊರಡುತ್ತಾಳೆ, ಹೊರಡಲೂ ಬೇಕು ಅಲ್ವಾ? ಅವಳು ಹೋದಾಗ ಆ ಕೆಲಸ ಇನ್ನೊಬ್ಬರ ಕೈಗೆ ಬಂದಿತ್ತಾ ಎಂಬುದೇ ಪ್ರಶ್ನೆ. ಸದಸ್ಯರಿಗೂ ಇದನ್ನೇ ಹೇಳಿ. ‘ಎಷ್ಟು ಜನ ಉಳಿದರು’ ಎಂಬ ಲೆಕ್ಕದ ಜೊತೆಗೆ ‘ಎಷ್ಟು ಕೆಲಸ ನಿಲ್ಲದೆ ನಡೆಯಿತು’ ಎಂಬುದನ್ನೂ ವರದಿಯಲ್ಲಿ ಹಾಕಿ.

ಅದಕ್ಕೆ ಹಳಬರು, ಹೊಸಬರು ಕೆಲವು ತಿಂಗಳಾದರೂ ಜೊತೆಯಲ್ಲಿ ಕೆಲಸ ಮಾಡಬೇಕು. ಪರೀಕ್ಷೆ ಮುಗಿದ ಮೇಲೆ ಹೊಸಬರನ್ನು ಹುಡುಕಲು ಹೊರಟರೆ, ಅಷ್ಟರಲ್ಲಿ ಕಲಿಸುವವರೇ ಇರುವುದಿಲ್ಲ. ಪರೀಕ್ಷೆಗೆ ಸಾಕಷ್ಟು ಮೊದಲೇ ಸೇರಿಸಿಕೊಳ್ಳಿ. ಪರೀಕ್ಷೆಯ ತಿಂಗಳಲ್ಲಿ ನೀವೇ ರಜೆ ಘೋಷಿಸಿ, ಮತ್ತೆ ಶುರುವಾಗುವ ದಿನವನ್ನೂ ಆಗಲೇ ತಿಳಿಸಿ. ಎಷ್ಟೋ ಮಕ್ಕಳು ತಪ್ಪಿಸಿಕೊಂಡೆ ಎಂಬ ಸಂಕೋಚಕ್ಕೇ ವಾಪಸ್ ಬರುವುದಿಲ್ಲ.

ಇನ್ನು ಸನ್ಮಾನದ ವಿಷಯ. ಬೇಡ ಅನ್ನುವುದಿಲ್ಲ, ಆದರೆ ಅದು ಯಾರನ್ನೂ ಹಿಡಿದಿಡುವುದಿಲ್ಲ. ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಬರೆಯುವಾಗ ಮಕ್ಕಳ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿ ತೋರಿಸಿದರು. ಮಕ್ಕಳನ್ನು ವೇದಿಕೆಯ ಅಲಂಕಾರಕ್ಕೆ, ಸುಮ್ನೆ ತೋರಿಕೆಗೆ ಬಳಸುವುದೆಲ್ಲ ಕೆಳಗಿನ ಮೂರು ಮೆಟ್ಟಿಲಲ್ಲೇ ಬರುತ್ತದೆ. ಅದು ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು ಅವರು. ನನಗೆ ಕಂಡದ್ದೂ ಅದೇ. ಕುರ್ಚಿ ಹಾಕಲು ಮಾತ್ರ ಕರೆದರೆ ಎರಡು ಸಲ ಬರುತ್ತಾರೆ, ಮೂರನೇ ಸಲ ಬರುವುದಿಲ್ಲ. ಬಾಸ್ಟನ್ ನಗರ 2014ರಲ್ಲಿ ತನ್ನ ಬಜೆಟ್‌ನ 10 ಲಕ್ಷ ಡಾಲರನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು 12ರಿಂದ 25 ವರ್ಷದವರ ಮತಕ್ಕೇ ಬಿಟ್ಟಿತು. ಅಷ್ಟು ದೊಡ್ಡ ಮೊತ್ತ ನಿಮ್ಮಲ್ಲಿ ಬೇಕಿಲ್ಲ. ಗ್ರಂಥಾಲಯದ ಮಕ್ಕಳ ಮೂಲೆಗೆ ಯಾವ ಪುಸ್ತಕ ತರಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ.

ಬೆಳಗಿನಬಸ್ಸು:
ಹಳೇಸೇತುವೆ ಅವರ ಮಾತು ಸರಿ. ಆದರೆ ಬಸ್ ಚಾರ್ಜ್ ಯಾರು ಕೊಡುತ್ತಾರೆ? ನಾನು ಸ್ವಯಂಸೇವಕಿಯಾಗಿದ್ದಾಗ ಕೈಯಿಂದ ಹಾಕಿಕೊಂಡು ಹೋಗುತ್ತಿದ್ದೆ. ಆಗದವರು ಬೇರೆ ಕಾರಣ ಹೇಳಿ ಬಿಟ್ಟುಬಿಟ್ಟರು. ದುಡ್ಡಿಲ್ಲ ಎಂದು ಆ ವಯಸ್ಸಲ್ಲಿ ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ಕೇಳಿದವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಕೊಡಿ. ತಿಂಗಳುಗಟ್ಟಲೆ ಕಾಯಿಸದೆ ಅದೇ ವಾರ ಕೊಡಿ.

ಹೊಸಚಿಗುರು:
ಬಸ್ ಚಾರ್ಜ್ ಬಗ್ಗೆ ನಮ್ಮ ಸಭೆಯಲ್ಲಿ ಯಾರೂ ಮಾತೇ ಎತ್ತಿರಲಿಲ್ಲ, ಧನ್ಯವಾದ. ಇನ್ನೊಂದು ಚಿಂತೆ ಇದೆ. ನನಗೇ ವರ್ಗವಾದರೆ?

ಹಳೇಸೇತುವೆ:
ಯೋಜನೆಗಳು ಜಾಸ್ತಿ ಸಾಯುವುದು ಅಲ್ಲೇ. ಫೋನ್ ನಂಬರು, ಪೋಷಕರ ಒಪ್ಪಿಗೆ ಪತ್ರ, ಗ್ರಂಥಾಲಯದವರ ಜೊತೆಗಿನ ಮಾತುಕತೆ ಎಲ್ಲ ಒಬ್ಬರ ಹತ್ತಿರವೇ ಇರುತ್ತದೆ. ಒಪ್ಪಿಗೆ ಪತ್ರಗಳನ್ನು ಕಚೇರಿಯ ಕಡತಕ್ಕೆ ಸೇರಿಸಿ, ಇನ್ನೊಬ್ಬ ಸಿಬ್ಬಂದಿಯನ್ನು ಈಗಿನಿಂದಲೇ ಜೊತೆಗೆ ಹಾಕಿಕೊಳ್ಳಿ. ಹಣವನ್ನು ವಿಶೇಷ ಕಾರ್ಯಕ್ರಮದ ಖರ್ಚಿನಿಂದ ತೆಗೆದು ವಾರ್ಷಿಕ ಬಜೆಟ್‌ನಲ್ಲಿ ಸ್ವಂತ ಶೀರ್ಷಿಕೆಯಡಿ ಬರುವಂತೆ ಕೇಳಿ. ಮೊತ್ತ ಚಿಕ್ಕದಾದರೂ ಪರವಾಗಿಲ್ಲ. ಬಜೆಟ್ ಸಭೆಗೆ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ, ಸದಸ್ಯರ ಪ್ರಶ್ನೆಗೆ ಅವರೇ ಉತ್ತರ ಕೊಡಲಿ.