ಡಬಲ್ ಕ್ಯಾಬ್ ತಗೊಳ್ಳಲಾ, ಮಾಮೂಲಿ ಪಿಕಪ್ಪೇ ಸಾಕಾ?

ಟೊಮ್ಯಾಟೊ_ನಂಗಲಿ:

ಎಲ್ಲರಿಗೂ ನಮಸ್ಕಾರ. ಗಾಡಿ ವಿಷಯದಲ್ಲಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಮನೆಯಲ್ಲಿ ಮೂರು ಜನಕ್ಕೆ ಮೂರು ಅಭಿಪ್ರಾಯ. ಗೊತ್ತಿರುವವರು ದಯವಿಟ್ಟು ಹೇಳಿ.

ನಮ್ಮದು ಮುಳಬಾಗಿಲು ತಾಲ್ಲೂಕು, ನಂಗಲಿ ಕಡೆ. ಐದು ಎಕರೆ ಇದೆ. ಎರಡು ಎಕರೆಗೆ ಟೊಮ್ಯಾಟೊ, ಅರ್ಧ ಎಕರೆ ಬೀನ್ಸ್, ಉಳಿದದ್ದು ರಾಗಿ. ಎರಡು ಹಸು ಇವೆ. ಕಾಯಿ ಜೋರಾಗಿ ಬರುವಾಗ ಎರಡು ದಿನಕ್ಕೊಮ್ಮೆ 90ರಿಂದ 110 ಬಾಕ್ಸ್ ಆಗುತ್ತದೆ. ವಡ್ಡಹಳ್ಳಿ ಮಂಡಿ ಹತ್ತಿರವೇ ಇದೆ, ಆದರೂ ರೇಟ್ ನೋಡಿ ಹೆಚ್ಚು ಸಲ ಕೋಲಾರ ಮಂಡಿಗೇ ಹಾಕುತ್ತೇನೆ.

ಇಲ್ಲಿವರೆಗೂ ಬಾಡಿಗೆ ಗಾಡಿಯೇ. ಹೋದ ಸೀಸನ್‌ನಲ್ಲಿ ಒಂದು ದಿನ ಬೆಳಗಿನ ಜಾವ ಐದಕ್ಕೆ ಬರುತ್ತೇನೆ ಎಂದ ಗಾಡಿ ಒಂಬತ್ತೂವರೆಗೆ ಬಂತು. ರಾತ್ರಿ ಹತ್ತರವರೆಗೂ ಲೈಟ್ ಹಾಕಿಕೊಂಡು ಕಾಯಿ ಆರಿಸಿ ತುಂಬಿದ್ದೆವು. ನಾವು ಮಂಡಿ ಮುಟ್ಟುವ ಹೊತ್ತಿಗೆ ಹರಾಜು ಮುಗಿಯುತ್ತಾ ಬಂದಿತ್ತು. ಕೇಳಿದ ರೇಟಿಗೆ ಕೊಟ್ಟು ಬಂದೆ. ಅವತ್ತೇ ಸ್ವಂತ ಗಾಡಿ ತಗೊಳ್ಳಬೇಕು ಎಂದು ಗಟ್ಟಿ ಮಾಡಿದೆ.

ಈಗ ಪ್ರಶ್ನೆ ಏನೆಂದರೆ, ನಮ್ಮಲ್ಲಿ ಕಾರಿಲ್ಲ. ಅಪ್ಪನಿಗೆ ಮೊಣಕಾಲು ನೋವು, ತಿಂಗಳಿಗೊಂದು ಸಲ ಕೋಲಾರಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕು. ಹೆಂಡತಿಯ ತವರು ಪಲಮನೇರು. ವರ್ಷಕ್ಕೊಮ್ಮೆ ತಿರುಪತಿ. ಒಂದೇ ಗಾಡಿಯಲ್ಲಿ ಎರಡೂ ಆಗಲಿ ಎಂದು ಇಸುಜು ವಿ-ಕ್ರಾಸ್ ಎಂಬ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ ಪಿಕಪ್) ಮೇಲೆ ಮನಸ್ಸಾಗಿದೆ. ಐದು ಸೀಟು, ಹಿಂದೆ ಲೋಡ್ ಹಾಕಲು ಜಾಗ, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ). ಮಗ ಅದರ ಫೋಟೋ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಂಡಿದ್ದಾನೆ. ಅಪ್ಪ ಮಾತ್ರ ‘ಪಿಕಪ್ ತಗೋ, ಮಿಕ್ಕಿದ್ದು ಆಮೇಲೆ ನೋಡೋಣ’ ಎನ್ನುತ್ತಾರೆ. ಸಾಲ ಮಾಡಿಯೇ ತಗೊಳ್ಳಬೇಕು. ಏನು ಮಾಡಲಿ?

ಮಂಡಿ_ಡ್ರೈವರ್_ಕೋಲಾರ:

ಅಣ್ಣ, ನಾನು 11 ವರ್ಷದಿಂದ ಪಿಕಪ್ ಓಡಿಸುತ್ತಿದ್ದೇನೆ. ಎಲ್ಲ ಟೊಮ್ಯಾಟೊ ಲೋಡೇ. ಬೆಲೆ, ಮೈಲೇಜ್ ಎಲ್ಲ ಪಕ್ಕಕ್ಕಿಡಿ. ಮೊದಲು ಬಾಕ್ಸ್ ಲೆಕ್ಕ ಹಾಕಿ.

ಬಾಕ್ಸಿಗೆ 15 ಕೆಜಿ ಕಾಯಿ. ಖಾಲಿ ಕ್ರೇಟ್ ತೂಕ ಸೇರಿಸಿದರೆ 17 ಕೆಜಿ ಹತ್ತಿರ ಹೋಗುತ್ತದೆ. 100 ಬಾಕ್ಸ್ ಅಂದರೆ 1,700 ಕೆಜಿ. ಇದು ನಿಮ್ಮ ಒಂದು ಕಟಾವಿನ ತೂಕ. ವಿ-ಕ್ರಾಸ್, ಹೈಲಕ್ಸ್‌ನಂಥ ಗಾಡಿಗಳ ಹಿಂದಿನ ಬಾಡಿ ಉದ್ದ ಸುಮಾರು 5 ಅಡಿ. ಒಳಗೆ ಎರಡೂ ಕಡೆ ಚಕ್ರದ ಉಬ್ಬು ಬರುತ್ತದೆ. ಅದೇ ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ಪಿನಲ್ಲಿ 10 ಅಡಿ ಬಾಡಿಯದು ಸಿಗುತ್ತದೆ, 2 ಟನ್ ವರೆಗೆ ಲೋಡ್ ಹಾಕುವ ಮಾಡೆಲ್ ಇದೆ. ಟಾಟಾ ಯೋಧದಲ್ಲೂ 2022ರಲ್ಲಿ 2 ಟನ್ನಿನದು ಬಂತು. ನಾನು 10 ಅಡಿ ಬಾಡಿಯಲ್ಲಿ ಒಂದು ಪದರಕ್ಕೆ 20 ಬಾಕ್ಸ್ ಕೂರಿಸುತ್ತೇನೆ. ಐದು ಪದರ, ಮೇಲೆ ಹಗ್ಗ. ನೂರು ಬಾಕ್ಸ್ ಒಂದೇ ಟ್ರಿಪ್.

ಡಬಲ್ ಕ್ಯಾಬಿನಲ್ಲಿ ಎಷ್ಟು ಕೂರುತ್ತದೆ ಎಂದು ನಾನು ಹೇಳುವುದಕ್ಕಿಂತ ನೀವೇ ನೋಡಿ. ಮನೆ ಅಂಗಳದಲ್ಲಿ ಸುಣ್ಣದಿಂದ 5 ಅಡಿಗೆ 5 ಅಡಿ ಚೌಕ ಎಳೆಯಿರಿ. ಖಾಲಿ ಬಾಕ್ಸ್ ತಂದು ಜೋಡಿಸಿ. ಪಕ್ಕದಲ್ಲಿ 10 ಅಡಿಗೆ ಐದೂವರೆ ಅಡಿ ಇನ್ನೊಂದು ಎಳೆಯಿರಿ. ಷೋರೂಮಿನಲ್ಲಿ ಯಾರೂ ಇದನ್ನು ತೋರಿಸುವುದಿಲ್ಲ.

ಪಿಕಪ್ಪಿನ ಕಷ್ಟವನ್ನೂ ಹೇಳಿಬಿಡುತ್ತೇನೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಲೋಡಿಗೆಂದೇ ಮಾಡಿದವು. ಮಂಡಿಯಿಂದ ಖಾಲಿ ವಾಪಸ್ ಬರುವಾಗ ಪ್ರತಿ ಹಂಪಿಗೂ ಸೊಂಟ ಎಗರುತ್ತದೆ. ಮಳೆಯಲ್ಲಿ ಖಾಲಿ ಗಾಡಿಗೆ ಜೋರಾಗಿ ಬ್ರೇಕ್ ಹಾಕಿದರೆ ಹಿಂಭಾಗ ಜಾರುತ್ತದೆ, ಮೇಲೆ ಭಾರ ಇರುವುದಿಲ್ಲ ಅಲ್ವಾ. ಮೊಣಕಾಲು ನೋವಿರುವ ಹಿರಿಯರನ್ನು ಅದರಲ್ಲಿ ಕೂರಿಸಿಕೊಂಡು ಹೋಗಿ ಎಂದು ನಾನು ಹೇಳಲಾರೆ.

ದ್ರಾಕ್ಷಿ_ಚಿಂತಾಮಣಿ:

ನಾನು ವಿ-ಕ್ರಾಸ್ ಇಟ್ಟುಕೊಂಡಿದ್ದೇನೆ. ನಾಲ್ಕನೇ ವರ್ಷ. ನನಗೆ ಅದರ ಮೇಲೆ ತುಂಬಾ ಪ್ರೀತಿ ಇದೆ. ಆದರೂ ನಿಮಗೆ ತಗೊಳ್ಳಿ ಎಂದು ಹೇಳಲು ಮನಸ್ಸು ಬರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಗಾಡಿ ಬಹಳ ಚೆನ್ನಾಗಿದೆ. 1.9 ಲೀಟರ್ ಡೀಸೆಲ್ ಎಂಜಿನ್, 163 ಪಿಎಸ್ ಪವರ್, 360 ಎನ್ಎಂ ಟಾರ್ಕ್. ತಯಾರಾಗುವುದು ಆಂಧ್ರದ ಶ್ರೀಸಿಟಿಯಲ್ಲಿ. ಹೈವೇಯಲ್ಲಿ ಮಕ್ಕಳು ಹಿಂದೆ ಮಲಗಿಕೊಂಡೇ ಬರುತ್ತಾರೆ. ಹೋದ ಮಳೆಗಾಲದಲ್ಲಿ ಕೆರೆ ಏರಿ ಪಕ್ಕದ ಕೆಮ್ಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರೇ ನಿಂತುಬಿಟ್ಟಿತ್ತು. ನಾನು ಫೋರ್ ಬೈ ಫೋರ್ ಹಾಕಿ ನಿಧಾನಕ್ಕೆ ಹೊರಗೆ ಬಂದೆ. ಆ ದಿನ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಆದರೆ ನನ್ನ ಲೋಡ್ ಬೇರೆ. ದ್ರಾಕ್ಷಿ ಕೊಳ್ಳುವವರು ತೋಟಕ್ಕೇ ಲಾರಿ ತರುತ್ತಾರೆ. ನಾನು ಹಾಕುವುದು ಔಷಧಿ ಡಬ್ಬ, ಡ್ರಿಪ್ ಪೈಪ್ ಸುರುಳಿ, ಮೋಟಾರ್ ರಿಪೇರಿಗೆ ಹೋದರೆ ಮೋಟಾರ್, ನಾಲ್ಕು ಮೂಟೆ ಡಿಎಪಿ ಗೊಬ್ಬರ. ನಾಲ್ಕು ಮೂಟೆ ಅಂದರೆ 200 ಕೆಜಿ, ಅಷ್ಟೇ. ಯಾವುದೇ ಗಾಡಿ ನೋಡುವಾಗ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯದು ಒಂದು, ಲೋಡ್ ಸೇರಿ ಗರಿಷ್ಠ ಒಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ಬಂದ ಸಂಖ್ಯೆಯಲ್ಲಿ ಲೋಡ್ ಜೊತೆ ಕೂತಿರುವ ಐದು ಜನರ ತೂಕವೂ ಸೇರಿರಬೇಕು. ವಿ-ಕ್ರಾಸಿನಲ್ಲಿ ಆ ಸಂಖ್ಯೆ ನಿಮ್ಮ 1,700 ಕೆಜಿಗೆ ಹತ್ತಿರಕ್ಕೂ ಬರುವುದಿಲ್ಲ.

ಬೋರ್ಡ್ ವಿಷಯವೂ ಇದೆ. ನನ್ನದು ಬಿಳಿ ಬೋರ್ಡ್. ನನ್ನ ಸಾಮಾನು ಹಾಕಿಕೊಂಡು ಓಡಾಡುತ್ತೇನೆ. ಪಕ್ಕದ ತೋಟದವರ ಬಾಕ್ಸ್ ಬಾಡಿಗೆಗೆ ಹಾಕುವಂತಿಲ್ಲ. ನೀವು ಹಳದಿ ಬೋರ್ಡ್ ಪಿಕಪ್ ತಗೊಂಡರೆ ನಿಮ್ಮ ಕಟಾವು ಇಲ್ಲದ ದಿನ ಊರಿನವರ ಕಾಯಿ ಹಾಕಿಕೊಂಡು ಹೋಗಬಹುದು. ಸಾಲದ ಕಂತಿಗೆ ಅದೇ ಆಧಾರ.

ಇನ್ನೊಂದು. ಈ ಗಾಡಿ 17 ಅಡಿಗಿಂತ ಉದ್ದ. ನಿಮ್ಮ ಬೀದಿಯಲ್ಲಿ ತಿರುಗುತ್ತದಾ ನೋಡಿಕೊಳ್ಳಿ. ನಾನು ದಿನಾ ಅರಳೀಕಟ್ಟೆವರೆಗೂ ಹೋಗಿ ತಿರುಗಿಸಿಕೊಂಡು ಬರುತ್ತೇನೆ. ಎತ್ತರವೂ ಜಾಸ್ತಿ. ನಮ್ಮ ಅತ್ತೆ ಹತ್ತುವಾಗ ಒಂದು ಕೈ ನಾನು ಹಿಡಿಯಬೇಕು.

ಟೊಮ್ಯಾಟೊ_ನಂಗಲಿ:

ಇಬ್ಬರಿಗೂ ತುಂಬಾ ಧನ್ಯವಾದ. ಎತ್ತರದ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಅಪ್ಪನಿಗೆಂದು ತಗೊಂಡು ಅಪ್ಪನಿಗೇ ಹತ್ತಲಾಗದಿದ್ದರೆ ಹೇಗೆ?

ಮಂಡಿ ಅಣ್ಣ, ಹಳದಿ ಬೋರ್ಡ್ ಅಂದರೆ ಪರ್ಮಿಟ್, ಬ್ಯಾಡ್ಜ್ ಎಲ್ಲ ಮಾಡಿಸಬೇಕಾ? ನನ್ನ ಹತ್ತಿರ ಮಾಮೂಲಿ ಕಾರ್ ಲೈಸೆನ್ಸ್ ಇದೆ. ಬೊಲೆರೊ ಕ್ಯಾಂಪರ್ ಎಂದು ಒಂದಿದೆಯಲ್ಲ, ಐದು ಸೀಟಿನದು, ಅದು ನಡುವಿನ ದಾರಿ ಆಗಬಹುದಾ?

ಮಾವಿನತೋಪು_ಶ್ರೀನಿವಾಸಪುರ:

ತಮ್ಮಾ, ಕ್ಯಾಂಪರ್ ನಮ್ಮ ಮನೆಯಲ್ಲಿದೆ, ಓಡಿಸುವುದು ನಾನೇ. ಅದಕ್ಕೆ ನಾನು ಉತ್ತರ ಕೊಡುತ್ತೇನೆ.

ನಮ್ಮದು ಮಾವಿನ ತೋಪು. ಕಾಯಿ ಕೀಳಲು ಬರುವವರು ಹೆಚ್ಚಾಗಿ ಹೆಂಗಸರು. ಮೊದಲು ನಮ್ಮಲ್ಲೂ ಹಳೆಯ ಪಿಕಪ್ ಇತ್ತು. ಎಲ್ಲರ ಹಾಗೆ ನಾವೂ ಆಳುಗಳನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆವು. ಆರು ವರ್ಷದ ಹಿಂದೆ ಒಂದು ತಿರುವಿನಲ್ಲಿ ಎದುರಿಗೆ ಬೈಕ್ ಬಂತು. ನನ್ನ ಗಂಡ ಬ್ರೇಕ್ ಒತ್ತಿದರು. ಹಿಂದೆ ಅಂಚಿನಲ್ಲಿ ಕೂತಿದ್ದ ಒಬ್ಬಾಕೆ ಕೆಳಗೆ ಬಿದ್ದಳು. ಮಣಿಕಟ್ಟು ಮುರಿಯಿತು. ಕೈಯಲ್ಲಿ ಊಟದ ಡಬ್ಬಿ ಇತ್ತು. ರಸ್ತೆ ತುಂಬಾ ಮುದ್ದೆ, ಸಾರು. ಇವತ್ತಿಗೂ ಆ ತಿರುವಿನಲ್ಲಿ ನನ್ನ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ. ವಿಮೆಯವರು ಪರಿಹಾರ ಕೊಡಲಿಲ್ಲ. ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪರವಾಗಿ ಹೋಗುವವರಿಗೆ ರಕ್ಷಣೆ ಇರುತ್ತದೆ, ಸುಮ್ನೆ ಹಿಂದೆ ಹತ್ತಿಸಿಕೊಂಡವರಿಗೆ ಇರುವುದಿಲ್ಲ. ಖರ್ಚು ನಾವೇ ಕೊಟ್ಟೆವು, ಕೊಡಬೇಕಾದದ್ದೇ. ಆದರೆ ಮೂರು ತಿಂಗಳು ಅವಳಿಗೆ ಕಳೆ ಕೀಳಲು ಆಗಲಿಲ್ಲ.

ಅದಕ್ಕೇ ಎರಡು ಸಾಲು ಸೀಟಿನದು ತಗೊಂಡೆವು. ಎಂಟು ಜನ ಇದ್ದರೆ ನಾನು ಎರಡು ಟ್ರಿಪ್ ಹೊಡೆಯುತ್ತೇನೆ. ಅರ್ಧ ಗಂಟೆ ಜಾಸ್ತಿ ಆಗುತ್ತದೆ, ಆಗಲಿ. ಎಲ್ಲರೂ ಸೀಟಿನಲ್ಲಿ ಕೂತಿರುತ್ತಾರೆ. ನೀವು ಯಾವುದೇ ಗಾಡಿ ತಗೊಳ್ಳಿ, ಹಿಂದೆ ಮಾತ್ರ ಜನರನ್ನು ಹತ್ತಿಸಬೇಡಿ. ಕೈಮುಗಿದು ಕೇಳುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ಕ್ಯಾಂಪರ್ ಸುಮಾರು 1 ಟನ್ ಹೊರುತ್ತದೆ, ಆದರೆ ಬಾಡಿ ಚಿಕ್ಕದು. ನಮಗೆ ತೋಪಿನಿಂದ ಮಂಡಿ 6 ಕಿಲೋಮೀಟರ್, ಮೂರು ಸಲ ಹೋಗಿ ಬಂದರೂ ನಡೆಯುತ್ತದೆ. ನಿಮಗೆ ಕೋಲಾರ 40 ಕಿಲೋಮೀಟರ್ ಮೇಲೆ. ನೂರು ಬಾಕ್ಸಿಗೆ ಮೂರು ಸಲ ಹೋಗುತ್ತೀರಾ? ಹರಾಜು ಕಾಯುತ್ತದಾ?

ಮಂಡಿ_ಡ್ರೈವರ್_ಕೋಲಾರ:

ಅಕ್ಕ ಹೇಳಿದ್ದು ಸರಿ. ಹಿಂದೆ ಜನರನ್ನು ಹತ್ತಿಸುವುದನ್ನು ನಾನೂ ನಿಲ್ಲಿಸಿದ್ದೇನೆ.

ಲೈಸೆನ್ಸ್ ಬಗ್ಗೆ ಚಿಂತೆ ಬೇಡ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ: ಎಲ್ಎಂವಿ (ಲಘು ವಾಹನ, ನಿಮ್ಮ ಕಾರಿನದ್ದೇ) ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸರಕಿನ ಗಾಡಿ ಓಡಿಸಬಹುದು, ಬೇರೆ ಅನುಮತಿ ಬೇಡ. ಪರ್ಮಿಟ್ ವಿಷಯ ಬೇರೆ. ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಸರಕಿನ ಗಾಡಿಗೆ ಪರ್ಮಿಟ್ ಬೇಡ. 2 ಟನ್ ಹೊರುವ ಗಾಡಿ ಅದನ್ನು ದಾಟುತ್ತದೆ, ಮಾಡಿಸಬೇಕು. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ತಿರುಪತಿ ಕಡೆಗೂ ಲೋಡ್ ಹಾಕುವ ಯೋಚನೆ ಇದ್ದರೆ ಆಂಧ್ರಕ್ಕೆ ಪರ್ಮಿಟ್ ಹೇಗೆ ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿ.

ಸಾಲದ ಲೆಕ್ಕ ಕೂಡ ಹಾಕಿ. 10 ಲಕ್ಷಕ್ಕೆ 10% ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ 21,250ರ ಹತ್ತಿರ. 20 ಲಕ್ಷಕ್ಕೆ ಅದರ ಎರಡರಷ್ಟು. 2023ರ ಜುಲೈಯಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ದಾಟಿತ್ತು, ನಿಮಗೂ ಗೊತ್ತು. ಆ ರೇಟ್ ಮನಸ್ಸಿನಲ್ಲಿಟ್ಟುಕೊಂಡು ಸಾಲ ಮಾಡಬೇಡಿ. ಕಾಯಿಯನ್ನು ರಸ್ತೆ ಪಕ್ಕ ಸುರಿದು ಹೋದ ದಿನಗಳನ್ನೂ ನಾನು ಅದೇ ಗೇಟಿನಲ್ಲಿ ನೋಡಿದ್ದೇನೆ.

ಮಾಲೂರು_ಹುಡುಗ:

ಒಂದು ಮಾತು ಸೇರಿಸುತ್ತೇನೆ. ನಮ್ಮಣ್ಣ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ, ಹೋಂಡಾ ರಿಡ್ಜ್‌ಲೈನ್ ಪಿಕಪ್ ಇಟ್ಟುಕೊಂಡಿದ್ದಾನೆ. ಅಲ್ಲೂ ಇದೇ ವಾದವಂತೆ. ಅದು ಲಾರಿ ಥರ ಬೇರೆ ಚಾಸಿ (ಕೆಳಗಿನ ಚೌಕಟ್ಟು) ಮೇಲೆ ಕೂರಿಸಿದ್ದಲ್ಲ, ಕಾರಿನ ಹಾಗೆ ಒಂದೇ ಬಾಡಿ. ಅದಕ್ಕೆ ಓಡಾಟ ಮೃದು. ಹಿಂದೆ ಲೋಡ್ ಹಾಕುವ ಜಾಗದ ಕೆಳಗೆ ಬೀಗ ಹಾಕುವ ಡಿಕ್ಕಿ, ನೀರು ಹೋಗಲು ತೂತು ಕೂಡ ಇದೆ. ಹೊರುವುದು 680 ಕೆಜಿ ಆಸುಪಾಸು. ಹಾಗಾಗಿ ಅಲ್ಲಿ ನಿಜವಾಗಿ ಭಾರ ಹಾಕುವವರು ಚಾಸಿ ಮೇಲಿನ ಪಿಕಪ್ಪನ್ನೇ ತಗೊಳ್ಳುತ್ತಾರೆ ಎನ್ನುತ್ತಾನೆ. ಅದು ನಮ್ಮಲ್ಲಿ ಮಾರಾಟಕ್ಕಿಲ್ಲ. ನಮ್ಮ ವಿ-ಕ್ರಾಸ್, ಬಿಡದಿಯಲ್ಲಿ ಜೋಡಿಸುವ ಹೈಲಕ್ಸ್ ಎರಡೂ ಚಾಸಿ ಗಾಡಿಗಳೇ, ಗಟ್ಟಿ ಇವೆ. ಆದರೆ ಹೈಲಕ್ಸ್ 2022ರಲ್ಲಿ ಬಂದಾಗಲೇ 33.99 ಲಕ್ಷದಿಂದ ಶುರುವಾಗಿತ್ತು. ಅಷ್ಟು ದುಡ್ಡು ಕೊಟ್ಟ ಗಾಡಿಗೆ ಕ್ರೇಟ್ ಉಜ್ಜಿಸಲು ಯಾರಿಗೆ ಮನಸ್ಸು ಬರುತ್ತದೆ?

ಟೊಮ್ಯಾಟೊ_ನಂಗಲಿ:

ಭಾನುವಾರ ಅಂಗಳದಲ್ಲಿ ಸುಣ್ಣ ಹಾಕಿ ನೋಡಿದೆವು. ಮಗನೇ ಟೇಪ್ ಹಿಡಿದ. 5 ಅಡಿ ಚೌಕದಲ್ಲಿ ಎಂಟು ಬಾಕ್ಸ್ ಕೂತವು. ಒಂಬತ್ತನೆಯದನ್ನು ಅಡ್ಡ ಇಟ್ಟ, ಉದ್ದ ಇಟ್ಟ, ಗೆರೆ ಮೇಲೆಯೇ ನಿಲ್ಲುತ್ತಿತ್ತು. ಅದರಲ್ಲಿ ಚಕ್ರದ ಉಬ್ಬು ಇನ್ನೂ ಕಳೆದಿಲ್ಲ. ಪಕ್ಕದ ದೊಡ್ಡ ಚೌಕದಲ್ಲಿ ಇಪ್ಪತ್ತು ಆರಾಮಾಗಿ ಕೂತವು. ಮಗ ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತಾ ನಿಂತಿದ್ದ. ಆಮೇಲೆ ತಾನೇ ‘ದೊಡ್ಡದೇ ತಗೊಳ್ಳೋಣ ಅಪ್ಪಾ’ ಎಂದ. ನನಗೆ ಗಂಟಲು ಕಟ್ಟಿತು.

10 ಅಡಿ ಬಾಡಿಯ ಪಿಕಪ್, ಹಳದಿ ಬೋರ್ಡ್ ಎಂದು ತೀರ್ಮಾನ ಮಾಡಿದ್ದೇವೆ. ಅಪ್ಪನಿಗೆ ಮತ್ತು ತಿರುಪತಿಗೆ ಒಂದು ಹಳೆಯ ಚಿಕ್ಕ ಕಾರು, ಸೀಟು ತಗ್ಗಿನಲ್ಲಿರುವಂಥದ್ದು, ಸುಗ್ಗಿ ಆದಮೇಲೆ ನೋಡುತ್ತೇನೆ. ಅಲ್ಲಿವರೆಗೆ ಆಸ್ಪತ್ರೆಗೆ ಬಾಡಿಗೆ ಕಾರೇ. ಶ್ರೀನಿವಾಸಪುರದ ಅಕ್ಕ, ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಆಳುಗಳಿಗೆ ಆಟೋ ಮಾಡಿಸಲು ನನ್ನ ಹೆಂಡತಿ ಆಗಲೇ ಮಾತಾಡಿದ್ದಾಳೆ.

ಮಂಡಿ ಅಣ್ಣ, ಸೋಮವಾರ ಗಾಡಿ ನೋಡಲು ಕೋಲಾರಕ್ಕೆ ಬರುತ್ತಿದ್ದೇನೆ. ನೀವು ಸಿಗುತ್ತೀರಾ?

ಮಂಡಿ_ಡ್ರೈವರ್_ಕೋಲಾರ:

ಹನ್ನೊಂದರ ಮೇಲೆ ಲೋಡ್ ಇಳಿಸಿ ಮಂಡಿ ಗೇಟ್ ಹತ್ತಿರ ಇರುತ್ತೇನೆ. ಟೇಪ್ ತನ್ನಿ, ಎರಡು ಖಾಲಿ ಬಾಕ್ಸೂ ತನ್ನಿ. ಹಿಂದಿನ ಬಾಗಿಲು ಇಳಿಸಿ ನೆಲದಿಂದ ಎಷ್ಟು ಎತ್ತರ ಬರುತ್ತದೆ ನೋಡೋಣ. ದಿನಾ ನೂರು ಸಲ ಎತ್ತುವವರು ನೀವೇ ಅಲ್ವಾ.