ಹೋಂವರ್ಕ್ ಮಾಡದಿದ್ರೆ ಇಂಟರ್ವಲ್ ಇಲ್ಲ

ರಘು: (ಫೋಟೊ: ಸ್ಕೂಲಿನ ಸುತ್ತೋಲೆ)

ರಘು: ಪುಟ್ಟನ ಸ್ಕೂಲಿಂದ ಬಂದಿದೆ, ನೋಡಿ. ಮುಂದಿನ ವಾರದಿಂದ ಹೋಂವರ್ಕ್ ಮುಗಿಸದ ಮಕ್ಕಳು ಇಂಟರ್ವಲ್ಲಲ್ಲಿ ಆಚೆ ಹೋಗೋ ಹಾಗಿಲ್ಲ, ಕ್ಲಾಸಲ್ಲೇ ಕೂತು ಬರೀಬೇಕಂತೆ. ಒಳ್ಳೇದೇ ಆಯ್ತು. ಇವ್ನಿಗೆ ಸ್ವಲ್ಪ ಬಿಸಿ ಮುಟ್ಟಲಿ.

ಮೋಹನ್ ಚಿಕ್ಕಪ್ಪ: ಸರಿಯಾದ ನಿರ್ಧಾರ. ಏನಾದ್ರೂ ಕಳ್ಕೊಳ್ಳೋ ಭಯ ಇದ್ರೇನೇ ಶಿಸ್ತು ಬರೋದು.

ಸುಧಾ: ರಘು, ನಂಗೆ ಇದು ಸ್ವಲ್ಪಾನೂ ಹಿಡಿಸ್ಲಿಲ್ಲ. ದಿನಾ ಒಳಗೆ ಕೂರೋರು ಯಾರು ಅಂತ ಯೋಚ್ನೆ ಮಾಡು. ಬರೆಯೋದು ನಿಧಾನ ಇರೋ ಮಗು, ಮನೇಲಿ ಹೇಳ್ಕೊಡೋರಿಲ್ಲದ ಮಗು, ಒಂದ್ಕಡೆ ಕೂರೋಕೇ ಆಗದ ನಮ್ಮ ಪುಟ್ಟನಂಥ ಮಗು. ಆಚೆ ಹೋಗಿ ಓಡೋದು ಯಾರಿಗೆ ಹೆಚ್ಚು ಬೇಕೋ ಅವ್ರದ್ದೇ ಮೊದ್ಲು ಹೋಗುತ್ತೆ. ಮುಂದಿನ ಪೀರಿಯಡ್ಡಲ್ಲಿ ಇನ್ನೂ ಚಡಪಡಿಸ್ತಾರೆ, ಬೈಸ್ಕೊಳ್ತಾರೆ, ಅರ್ಧ ಬರ್ಕೊಳ್ತಾರೆ. ಮಾರನೇ ದಿನ ಮತ್ತೆ ಒಳಗೆ.

ಮೋಹನ್ ಚಿಕ್ಕಪ್ಪ: ಆಟಕ್ಕೆ ಪಿ.ಟಿ. ಪೀರಿಯಡ್ ಇದೆಯಲ್ಲಮ್ಮ. ಅದನ್ನೇನೂ ತೆಗೆದಿಲ್ವಲ್ಲ.

ಸುಧಾ: ಎರಡೂ ಒಂದೇ ಅಲ್ಲ ಚಿಕ್ಕಪ್ಪ. ಪಿ.ಟಿ.ಯಲ್ಲಿ ತಂಡ ಮಾಡೋದು ಮೇಷ್ಟ್ರು, ಔಟ್ ಅನ್ನೋದು ಮೇಷ್ಟ್ರು, ಸಾಕು ಅಂತ ಸೀಟಿ ಊದೋದೂ ಮೇಷ್ಟ್ರೇ. ಇಂಟರ್ವಲ್ಲಲ್ಲಿ ಅಷ್ಟೂ ಮಕ್ಕಳ ತಲೆಮೇಲಿರುತ್ತೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2013ರಲ್ಲಿ ಇದರ ಬಗ್ಗೇನೇ ಒಂದು ಹೇಳಿಕೆ ಪ್ರಕಟಿಸ್ತು. ಪಿ.ಟಿ. ಇದೆ ಅಂತ ಬಿಡುವನ್ನ ಬಿಡೋ ಹಾಗಿಲ್ಲ, ಶಿಕ್ಷೆ ಅಂತಾಗಲಿ ಪಾಠಕ್ಕೆ ಅಂತಾಗಲಿ ಅದನ್ನ ಕಿತ್ಕೋಬಾರ್ದು ಅಂತ ಅದ್ರಲ್ಲಿದೆ.

ರಘು: ಅಕ್ಕ, ಹತ್ತು ನಿಮಿಷ ಓಡಾಡಿದ್ರೆ ಅಂಥದ್ದೇನು ಕಲೀತಾರೆ? ಜಗಳ ಆಡ್ಕೊಂಡು ಬರ್ತಾನೆ ಅಷ್ಟೆ.

ಸುಧಾ: ಆ ಜಗಳ ಹೇಗೆ ಮುಗಿಯುತ್ತೆ ಅಂತ ನಿಂತು ನೋಡಿದ್ದೀಯಾ? ನಾನು ದಿನಾ ನೋಡ್ತೀನಿ. ಮುಟ್ಟಾಟದಲ್ಲಿ ಒಬ್ಬ ‘ಮುಟ್ಟಿದೆ’ ಅಂತಾನೆ, ಇನ್ನೊಬ್ಬ ‘ಇಲ್ಲ’ ಅಂತಾನೆ. ತೀರ್ಪು ಕೊಡೋರು ಯಾರೂ ಇಲ್ಲ. ಹಟ ಹಿಡಿದ್ರೆ ಆಟ ನಿಂತೋಗುತ್ತೆ, ಬೆಲ್ ಹೊಡೆಯೋಕೆ ಸ್ವಲ್ಪ ಹೊತ್ತೇ ಉಳಿದಿರುತ್ತೆ. ಆಗ ಯಾರೋ ಒಬ್ರು ‘ಹೋಗ್ಲಿ, ಇನ್ನೊಂದ್ಸಲ ಆಡೋಣ’ ಅಂತಾರೆ. ಸೋಲೋಕೆ ಇಷ್ಟ ಇಲ್ಲದ ಮಗು ಕಣ್ಣೀರು ನುಂಗ್ಕೊಂಡು ಒಪ್ಪುತ್ತೆ, ಯಾಕಂದ್ರೆ ಆಟ ಬೇಕು. ಕೋಪ ತಡ್ಕೊಳ್ಳೋದನ್ನ ನಾನು ಬೋರ್ಡ್ ಮೇಲೆ ಬರೆದು ಕಲಿಸೋಕಾಗಲ್ಲ ಕಣೋ.

ಸುಧಾ: ಆಟಕ್ಕೆ ಸೇರ್ಕೊಳ್ಳೋದೂ ಹಾಗೇ. ನುಗ್ಗಿ ‘ಈ ಆಟ ಬೇಡ, ನಂದು ಆಡೋಣ’ ಅನ್ನೋ ಮಗೂನ ಹೊರಗೆ ಕಳಿಸ್ತಾರೆ. ಪಕ್ಕದಲ್ಲಿ ನಿಂತು, ಏನಾಗ್ತಿದೆ ಅಂತ ನೋಡಿ, ಹೊರಗೆ ಬಿದ್ದ ಚೆಂಡು ತಂದ್ಕೊಡೋ ಮಗು ಸ್ವಲ್ಪ ಹೊತ್ತಲ್ಲಿ ಒಳಗಿರುತ್ತೆ. ದೊಡ್ಡವರಾದ್ಮೇಲೂ ಹೊಸ ಜಾಗಕ್ಕೆ ಹೋದಾಗ ನಾವೆಲ್ಲ ಮಾಡೋದು ಇದನ್ನೇ ಅಲ್ವಾ?

ಸುಧಾ: ಜೀನ್ ಪಿಯಾಜೆ ಅಂತ ಸ್ವಿಸ್ ಮನಶ್ಶಾಸ್ತ್ರಜ್ಞ, ಮಕ್ಕಳಲ್ಲಿ ನ್ಯಾಯದ ಅರಿವು ಹೇಗೆ ಬೆಳೆಯುತ್ತೆ ಅಂತ ತಿಳಿಯೋಕೆ ಗೋಲಿ ಆಡೋ ಹುಡುಗರ ಹತ್ರ ಹೋಗಿ ಕೂತ್ರು. 1932ರಲ್ಲಿ ಅದರ ಪುಸ್ತಕ ಬಂತು. ನಿಯಮ ಅಂದ್ರೆ ದೊಡ್ಡವರು ಕೊಟ್ಟಿದ್ದು, ಬದಲಾಯಿಸೋ ಹಾಗಿಲ್ಲ ಅಂತ ಚಿಕ್ಕ ಮಕ್ಕಳು ನಂಬಿರ್ತಾರೆ. ದೊಡ್ಡವರಾಗ್ತಾ, ಎಲ್ಲರೂ ಒಪ್ಪಿದ್ರೆ ಬದಲಾಯಿಸ್ಬಹುದು, ಒಪ್ಪಿದ ಮೇಲೆ ಪಾಲಿಸ್ಬೇಕು ಅನ್ನೋ ಕಡೆಗೆ ಬರ್ತಾರೆ. ಸಮವಯಸ್ಕರ ಜೊತೆ ವಾದ ಮಾಡಿ ಮಾಡಿಯೇ ಆ ದಾರಿ ತೆರೆಯೋದು ಅಂತ ಅವರ ವಾದ. ಚಿಕ್ಕಪ್ಪ, ನೀವು ಕೇಳ್ತಿರೋ ಶಿಸ್ತು ಇದೇ ಅಂತೀನಿ ನಾನು.

ಮೋಹನ್ ಚಿಕ್ಕಪ್ಪ: ಮಾತು ಚೆನ್ನಾಗಿದೆ. ಲೆಕ್ಕ ಇದೆಯಾ?

ಸುಧಾ: ಇದೆ. 2009ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೇಲಿ ಬಂದ ಅಧ್ಯಯನ. ಅಮೆರಿಕದ 8–9 ವರ್ಷದ ಸುಮಾರು 11,000 ಮಕ್ಕಳು. ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಬಿಡುವು ಇದ್ದವರ ಕ್ಲಾಸಿನ ನಡವಳಿಕೆಗೆ ಅವರ ಟೀಚರ್‌ಗಳು ಹೆಚ್ಚು ಒಳ್ಳೆ ಅಂಕ ಕೊಟ್ಟಿದ್ರು.

ಮೋಹನ್ ಚಿಕ್ಕಪ್ಪ: ಅನುಕೂಲ ಇರೋ ಸ್ಕೂಲಲ್ಲಿ ಬಿಡುವೂ ಇರುತ್ತೆ, ಮಕ್ಕಳೂ ಚೆನ್ನಾಗಿರ್ತಾರೆ. ಬಿಡುವಿನಿಂದಲೇ ಅಂತ ಹೇಗೆ ಹೇಳ್ತೀಯ?

ಸುಧಾ: ನ್ಯಾಯವಾದ ಪ್ರಶ್ನೆ. ಅದೊಂದರಿಂದಲೇ ಕಾರಣ ಸಾಬೀತಾಗಲ್ಲ, ಒಪ್ತೀನಿ. ಆದ್ರೆ ಆಂಥೋನಿ ಪೆಲೆಗ್ರಿನಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಸ್ಕೂಲಲ್ಲೇ ಬಿಡುವಿನ ಹೊತ್ತು ಬದಲಾಯಿಸಿ ನೋಡಿದ್ರು. ಬಿಡುವು ತಡ ಆದಷ್ಟೂ ಮಕ್ಕಳ ಗಮನ ಚದುರುತ್ತೆ, ಹೋಗಿ ಬಂದ್ಮೇಲೆ ಗಮನ ಮರಳುತ್ತೆ. ಫಿನ್‌ಲೆಂಡಲ್ಲಿ ಸಾಮಾನ್ಯವಾಗಿ 45 ನಿಮಿಷ ಪಾಠ ಆದ್ರೆ 15 ನಿಮಿಷ ಬಿಡುವು. ಇಲ್ಲಿ ನಾವು ಅದನ್ನ ಬಹುಮಾನ ಅಂದ್ಕೊಂಡಿದ್ದೀವಿ.

ಭವ್ಯಾ: ಸುಧಕ್ಕ, ನಾನು ಇಷ್ಟೊತ್ತು ಸುಮ್ನೆ ಓದ್ತಿದ್ದೆ. ಒಂದು ಮಾತು. ನನ್ನ ಮಗಳಿಗೆ ದಿನದಲ್ಲಿ ಅತಿ ಕಷ್ಟದ ಹೊತ್ತು ಇಂಟರ್ವಲ್ಲೇ. ಯಾರೂ ಸೇರಿಸ್ಕೊಳ್ಳಲ್ಲ. ಗೋಡೆ ಪಕ್ಕ ನಿಂತಿರ್ತಾಳೆ. ಅಪ್ಪಾ, ನಿಮ್ಗೂ ಇದನ್ನ ಹೇಳಿರ್ಲಿಲ್ಲ.

ಮೋಹನ್ ಚಿಕ್ಕಪ್ಪ: ಮಗು ನನ್ ಹತ್ರ ಏನೂ ಹೇಳ್ಲೇ ಇಲ್ವಲ್ಲಮ್ಮ.

ಮೋಹನ್ ಚಿಕ್ಕಪ್ಪ: ಹಾಗಿದ್ರೆ ಅವಳು ಒಳಗಿರೋದೇ ವಾಸಿ ಅಲ್ವೇನಮ್ಮ ಸುಧಾ?

ಸುಧಾ: ಭವ್ಯಾ, ಇದನ್ನ ಹೇಳಿದ್ದು ಒಳ್ಳೇದಾಯ್ತು. ಬಾಗಿಲು ತೆಗೆದು ಬಿಟ್ಬಿಟ್ರೆ ಎಲ್ಲಾ ಮಕ್ಕಳಿಗೂ ಒಳ್ಳೇದಾಗುತ್ತೆ ಅಂತ ನಾನು ಹೇಳಲ್ಲ. ಸಿಬ್ಬಂದಿ ಕೋಣೇಲಿ ಕೂತ್ರೆ ಮೈದಾನ ಜೋರಿದ್ದೋರ ಪಾಲಾಗುತ್ತೆ. ಆ ವೈದ್ಯರ ಹೇಳಿಕೇಲೂ ಸುರಕ್ಷಿತವಾಗಿರ್ಬೇಕು, ನೋಡ್ಕೊಳ್ಳೋರು ಇರ್ಬೇಕು ಅಂತಿದೆ. ಚಿಕ್ಕಪ್ಪ, ಒಳಗೆ ಕೂರಿಸಿದ್ರೆ ಆ ಹೊತ್ತಿನ ನೋವು ತಪ್ಪುತ್ತೆ, ಸ್ನೇಹ ಮಾಡ್ಕೊಳ್ಳೋ ಅವಕಾಶಾನೂ ತಪ್ಪುತ್ತೆ. ನಾನಾಗಿದ್ರೆ ಅವಳನ್ನೂ ಇನ್ನಿಬ್ಬರು ಮೆತ್ತನೆ ಮಕ್ಕಳನ್ನೂ ಕರ್ಕೊಂಡು ಒಂದು ಆಟ ಶುರು ಮಾಡ್ಸಿ, ಅದು ನಡೀತಿದ್ದ ಹಾಗೆ ಮೆಲ್ಲಗೆ ಪಕ್ಕಕ್ಕೆ ಸರಿದು ನಿಲ್ತೀನಿ. ಕಣ್ಣು ಮಾತ್ರ ಅಲ್ಲೇ ಇಟ್ಟಿರ್ತೀನಿ. ನಾಳೆ ಅವಳ ಕ್ಲಾಸ್ ಟೀಚರ್ ಹತ್ರ ಇದನ್ನೇ ಕೇಳು. ಬೇಕಾದ್ರೆ ರಾತ್ರಿ ಫೋನ್ ಮಾಡು, ಮಾತಾಡೋಣ.

ಭವ್ಯಾ: ಮಾಡ್ತೀನಿ ಅಕ್ಕ.

ರಘು: ಸರಿ ಅಕ್ಕ, ಆದ್ರೆ ಹೋಂವರ್ಕ್? ಅದನ್ನ ಮಾಡಿಸೋದು ಹೇಗೆ?

ಸುಧಾ: ಮೊದ್ಲು ಯಾಕೆ ಆಗ್ತಿಲ್ಲ ಅಂತ ನೋಡು. ಅರ್ಥ ಆಗ್ದೇ ಬಿಟ್ಟಿದ್ರೆ, ಇಂಟರ್ವಲ್ಲಲ್ಲಿ ಕೂರಿಸಿದ ಮಾತ್ರಕ್ಕೆ ಅರ್ಥ ಆಗಲ್ಲ. ಪುಟ್ಟನಿಗೆ ಬರೆಯೋದು ಕಮ್ಮಿ ಮಾಡಿ, ಕೊಟ್ಟಷ್ಟನ್ನ ಪೂರ್ತಿ ಮಾಡ್ಸಿ ಅಂತ ಕೇಳು. ಟೀಚರ್ ಮೇಲೆ ಮಾತ್ರ ಹಾರಾಡ್ಬೇಡ, ಅಷ್ಟು ಮಕ್ಕಳ ನೋಟ್‌ಬುಕ್ ನೋಡೋದು ಅವ್ರಿಗೂ ಸುಲಭ ಅಲ್ಲ.

ರಘು: ಪೇರೆಂಟ್ಸ್ ಮೀಟಿಂಗ್ ಶನಿವಾರ ಇದೆ. ಒಂದು ಪತ್ರ ಬರ್ಕೊಡ್ತೀಯಾ?

ಸುಧಾ: ಈಗ್ಲೇ. ‘ಬಾಕಿ ಕೆಲಸಕ್ಕಾಗಿ ಮಕ್ಕಳ ಬಿಡುವನ್ನು ಕಡಿತ ಮಾಡುವ ನಿಯಮವನ್ನು ಕೈಬಿಡಬೇಕೆಂದು ಕೋರುತ್ತೇವೆ. ಆ ಕೆಲಸ ಮುಗಿಸಲು ಬೇರೆ ಸಮಯವನ್ನು ಪೋಷಕರ ಜೊತೆ ಮಾತಾಡಿ ಗೊತ್ತುಮಾಡಬೇಕೆಂದು ವಿನಂತಿ.’

ಮೋಹನ್ ಚಿಕ್ಕಪ್ಪ: ಶಿಕ್ಷೆಯೇ ಬೇಡ ಅನ್ನೋದನ್ನ ನಾನು ಈಗ್ಲೂ ಒಪ್ಪಲ್ಲ. ಆದ್ರೆ ಪತ್ರದಲ್ಲಿ ಇನ್ನೊಂದು ಸಾಲು ಸೇರ್ಸು. ಇಂಟರ್ವಲ್ ಹೊತ್ತಲ್ಲಿ ಮೈದಾನದಲ್ಲಿ ಟೀಚರ್ ಒಬ್ಬರು ಇರಲೇಬೇಕು ಅಂತ. ಭವ್ಯಾ, ನಿಮ್ಮ ಸ್ಕೂಲಿಗೂ ಅದನ್ನೇ ಕೊಡೋಣ. ನಾನೇ ಬರ್ತೀನಿ.